ದುಭಾಷಿ ಹೊಡೆದ ಡೈಲಾಗ್

ದೂರದ ದೇಶವೊಂದರ ಸೇನಾಧಿಪತಿ, ಪ್ರಶ್ನೆ ಕೇಳಿದ ತಪ್ಪಿಗೆ ನಲವತ್ತು ವಿದ್ಯಾರ್ಥಿಗಳನ್ನು ಜೈಲಿಗೆ ತಳ್ಳಿ ದಿನಾ ಹೊಡೆಸುತ್ತಿದ್ದ. ಅವರನ್ನು ಬಿಡಬೇಕೆಂಬ ಪತ್ರಕ್ಕೆ ಎರಡು ದೇಶಗಳ ಸಹಿ ಬೇಕಿತ್ತು. ಮೇಜಿನ ಈಚೆ ನಮ್ಮ ಮಂತ್ರಿ, ಆಚೆ ಮಿತ್ರದೇಶದ ಮಂತ್ರಿ, ನಡುವೆ ದುಭಾಷಿ ನಾನು. ಒಂದು ಗಂಟೆಯಿಂದ ಇಬ್ಬರದೂ ಒಂದೇ ಹಟ: ಎದುರಿನವರು ಮೊದಲು ಸಹಿ ಹಾಕಬೇಕು.

"ಆ ಸೇನಾಧಿಪತಿ ಸಿಟ್ಟು ನಮ್ಗ್ಯಾಕಪ್ಪ? ಇನ್ನೊಂದ್ಸಲ ಕೇಳು, ಮೊದ್ಲು ಅವ್ರು ಹಾಕ್ತಾರಂತಾ?" ಎಂದರು ನಮ್ಮವರು.

ಕೇಳಿದೆ. ಆಚೆಯವರು ತಮ್ಮ ಭಾಷೆಯಲ್ಲಿ, "ಊಟ ಮಾಡಿ ಮಾತಾಡೋಣ" ಎಂದರು.

ಊಟಕ್ಕೆ ಎದ್ದರೆ ನಮ್ಮವರು ನೇರ ವಿಮಾನ ಹತ್ತುತ್ತಾರೆ. ಕೆಲಸ ಹೋದರೆ ಹೋಗಲಿ ಎಂದುಕೊಂಡು ಅನುವಾದಿಸಿದೆ:

"ಸಾರ್, ನಿಮ್ಮ ಪೆನ್ನಲ್ಲಿ ಇರೋದು ಇಂಕಾ, ಇಲ್ಲಾ ಬೆವರಾ ಅಂತ ಕೇಳ್ತಿದಾರೆ."

"ಏನಂದಾ? ಯಾರ್ ಮುಂದೆ ಮಾತಾಡ್ತಿದಾನಂತೆ? ತಾರೋ ಇಲ್ಲಿ ಆ ಕಾಗದಾನ!"

ನಮ್ಮವರು ಒತ್ತಿ ಹಾಕಿದ ಸಹಿಗೆ ಕಾಗದ ಹರಿಯುವುದೊಂದೇ ಬಾಕಿ. ಪತ್ರವನ್ನು ಆಚೆ ತಳ್ಳಿ ಮೀಸೆ ತಿರುವಿದರು.

ಆಚೆಯವರು ನನ್ನನ್ನು ಒಮ್ಮೆ ನೋಡಿದರು. ನಾನು ಚಾವಣಿ ನೋಡಿದೆ. ಅವರೂ ಸಹಿ ಹಾಕಿದರು.

ನಮ್ಮವರು ಫೋಟೋಗೆಂದು ಹೊರಗೆ ಹೋದ ಮೇಲೆ ಆಚೆಯವರು ಬಂದು ನನ್ನ ಹೆಗಲ ಮೇಲೆ ಕೈ ಹಾಕಿ, ಅಚ್ಚ ಕನ್ನಡದಲ್ಲಿ ಹೇಳಿದರು:

"ಮೈಸೂರಲ್ಲಿ ಐದು ವರ್ಷ ಓದಿದೀನಿ ಕಣೋ, ನಾಳೆ ಇಂಥದ್ದೇ ಇನ್ನೊಂದು ಪತ್ರ ಹಿಡ್ಕೊಂಡು ಬೇರೆ ದೇಶದವ್ರ ಹತ್ರ ಹೋಗ್ಬೇಕು, ಜೊತೆಗೆ ಬರ್ತೀಯಾ?"