ಡಾಕ್ಟರ್ ಹೇಳಿದ್ದೇನು?

ಡಾಕ್ಟರ್ ಪೆಂಗ್ ಚೀನೀಯಲ್ಲಿ ಮಾತಾಡುತ್ತಲೇ ಇದ್ದರು. ನಡುವೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಕಣ್ಣೊರೆಸಿ ಮತ್ತೆ ಹಾಕಿಕೊಂಡರು. ರುಯಾ ತಲೆ ತಗ್ಗಿಸಿ ಕೇಳುತ್ತಿದ್ದಳು. ಒಮ್ಮೆ ಏನೋ ಕೇಳಿದಳು. ಡಾಕ್ಟರ್ ಇಲ್ಲವೆಂಬಂತೆ ನಿಧಾನವಾಗಿ ತಲೆಯಾಡಿಸಿದರು.

"ಏನಂತೆ?" ಎಂದಳು ನೋರೀನ್.

"ಖಾರ ತಿನ್ಬೇಡಿ ಅಂತಾರೆ, ಟೀಚರ್. ಅದೇ ಮಾತ್ರೆ ಮುಂದುವರಿಸ್ಬೇಕಂತೆ."

"ಇಷ್ಟು ಹೊತ್ತು ಹೇಳಿದ್ದು ಅಷ್ಟೇನಾ?"

"ವಯಸ್ಸಾಯ್ತಲ್ಲ. ಹೇಳಿದ್ದನ್ನೇ ಹೇಳ್ತಾರೆ." ರುಯಾ ನಕ್ಕಳು. ಡಾಕ್ಟರ್ ನಗಲಿಲ್ಲ.

ನೋರೀನ್ ಐರ್ಲೆಂಡಿನವಳು. ಗಂಡನನ್ನು ಮಣ್ಣು ಮಾಡಿದ ಮೇಲೆ ಖಾಲಿ ಮನೆಯಲ್ಲಿರಲಾರದೆ ಚೀನಾದ ಹುನಾನಿನ ಈ ವಸತಿಶಾಲೆಗೆ ಇಂಗ್ಲಿಷ್ ಕಲಿಸಲು ಬಂದಿದ್ದಳು. ಚೀನೀ ಮಾತು ಅವಳ ನಾಲಿಗೆಗೆ ಹತ್ತಲಿಲ್ಲ. ಹೊಟ್ಟೆನೋವು ಶುರುವಾದಾಗ ಹೆಡ್‌ಮಾಸ್ಟರ್ ದುವಾನ್, ಕಚೇರಿಯಲ್ಲಿ ಇಂಗ್ಲಿಷ್ ಬಲ್ಲ ರುಯಾಳನ್ನು ಜೊತೆಮಾಡಿ ನಗರದ ಆಸ್ಪತ್ರೆಗೆ ಕಳಿಸತೊಡಗಿದ. ರುಯಾ ಗಂಡನನ್ನು ಬಿಟ್ಟವಳು. ಮಗಳು ಇದೇ ಶಾಲೆಯಲ್ಲಿ ಪುಕ್ಕಟೆ ಓದುತ್ತಿದ್ದಳು, ಈ ವರ್ಷ ಕೊನೆಯ ಪರೀಕ್ಷೆ. ನೋರೀನಳ ಫ್ಲಾಸ್ಕಿಗೆ ಬಿಸಿನೀರು ತುಂಬುವುದರಿಂದ ಹಿಡಿದು ಅಡುಗೆಯವನೊಡನೆ ಜಗಳವಾಡಿ ಸಪ್ಪೆ ಗಂಜಿ ತರುವವರೆಗೆ ಎಲ್ಲವೂ ಅವಳೇ.

ಕಾಯಿಲೆ ಬೀಳುವ ಜಾಗವಲ್ಲ ಅದು. ಕಚೇರಿಯವರಾಗಲಿ ಮೇಷ್ಟ್ರುಗಳಾಗಲಿ ಗೇಟು ದಾಟಲು ದುವಾನನ ಅಪ್ಪಣೆ ಬೇಕು. ಹೋದ ವರ್ಷ ಕಿಡ್ನಿ ಕೆಟ್ಟ ಗಣಿತದ ಮೇಷ್ಟ್ರು ಎರಡನೇ ಸಲ ರಜೆ ಕೇಳಿದಾಗ, ಇನ್ನು ಮನೆಯಲ್ಲೇ ಇರಿ ಎಂದು ಕಳಿಸಿಬಿಟ್ಟಿದ್ದ. ನೋರೀನಳಿಗೆ ಅದು ನೆನಪಿತ್ತು. ಅದಕ್ಕಿಂತ ಹೆಚ್ಚಾಗಿ, ಊರಿಗೆ ಮರಳುವ ಮುನ್ನ ಕೆನಡಾದ ಟೀಚರೊಬ್ಬಳು ಆಡಿದ್ದ ಮಾತು ನೆನಪಿತ್ತು: "ಈ ಕಡೆ ದೊಡ್ಡ ಕಾಯಿಲೆ ಬಂದ್ರೆ ರೋಗಿಗೆ ಹೇಳಲ್ಲ ಕಣ್ರೀ. ಮನೆಯವರ ಕಿವಿಗೆ ಹಾಕಿ ಸುಮ್ಮನಾಗ್ತಾರೆ."

ಇಲ್ಲಿ ನೋರೀನಳ ಮನೆಯವರೆಂದರೆ ರುಯಾ.

ಮುಂದಿನ ಸಲ ಡಾಕ್ಟರ್ ಇನ್ನೂ ಹೆಚ್ಚು ಮಾತಾಡಿದರು. ಏಳುವಾಗ ರುಯಾಳ ಹೆಗಲು ತಟ್ಟಿದರು. "ಔಷಧಿ ತರ್ತೀನಿ, ಕೂತಿರಿ" ಎಂದು ಹೋದವಳು ತುಂಬ ಹೊತ್ತಿನ ಮೇಲೆ ಒಂದು ತೋಳನ್ನು ಮಡಚಿಕೊಂಡು ಬಂದಳು. ಕಣ್ಣು ಕೆಂಪಗಿತ್ತು. ನೋರೀನಳ ಸ್ಕರ್ಟು ಸೊಂಟದಲ್ಲಿ ಸಡಿಲವಾಗುತ್ತಿತ್ತು. ಪಿನ್ನು ಹಾಕಿಕೊಂಡು ಪಾಠ ಮಾಡುತ್ತಿದ್ದಳು.

ಟ್ಯಾಕ್ಸಿಯಲ್ಲಿ ಕೇಳಿಯೇಬಿಟ್ಟಳು.

"ನಿಜ ಹೇಳು ರುಯಾ. ಕ್ಯಾನ್ಸರಾ?"

ರುಯಾಳ ಮುಖ ಬಿಳಿಚಿತು. "ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನಂಗೆ ಕಣ್ಣಿಲ್ವಾ?"

ರುಯಾ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಹಿಮದಂತೆ ತಣ್ಣಗಿದ್ದವು ಆ ಕೈಗಳು. "ದಮ್ಮಯ್ಯ, ಹೆಡ್‌ಮಾಸ್ಟರಿಗೆ ಮಾತ್ರ ಹೇಳ್ಬೇಡಿ, ಟೀಚರ್. ಪರೀಕ್ಷೆ ಮುಗಿಯೋವರೆಗಾದ್ರೂ ತಡೀರಿ."

ನೋರೀನ್ ಕೈ ಕಿತ್ತುಕೊಂಡಳು. ಹಾಗಾದರೆ ಲೆಕ್ಕಾಚಾರ ಇದು. ಪರೀಕ್ಷೆಯವರೆಗೆ ಪಾಠ ಹೇಳಿಸಿಕೊಳ್ಳುವುದು, ಆಮೇಲೆ ಸತ್ತರೆ ಸಾಯಲಿ. ಗಂಜಿ ತಂದುಕೊಟ್ಟ ಕೈಯೇ ಹೀಗೆ ಮಾಡಿತಲ್ಲ ಎಂದು ಅವಳಿಗೆ ಹೊಟ್ಟೆನೋವಿಗಿಂತ ಹೆಚ್ಚು ಉರಿಯಿತು. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಇಳಿದವಳು ನೆಟ್ಟಗೆ ದುವಾನನ ಕೋಣೆಗೆ ನಡೆದಳು.

ದುವಾನನ ಇಂಗ್ಲಿಷ್ ಅಷ್ಟಕ್ಕಷ್ಟೇ. ನೋರೀನ್ ಬಿಡಿಬಿಡಿಯಾಗಿ ಹೇಳಿದಳು.

"ಕ್ಯಾನ್ಸರ್. ರುಯಾಗೆ ಎಲ್ಲ ಗೊತ್ತು. ಬಚ್ಚಿಟ್ಟಿದಾಳೆ. ನಿಮಗೆ ಹೇಳ್ಬೇಡಿ ಅಂದ್ಲು."

"ಯಾರು, ರುಯಾ?"

"ಹೌದು. ರುಯಾನೇ."

ದುವಾನ್ ಪೆನ್ನಿನ ಮುಚ್ಚಳ ಹಾಕಿದ. "ಹೇಳಿದ್ದು ಒಳ್ಳೇದಾಯ್ತು. ಇಂಥವರನ್ನ ಇಟ್ಕೊಳ್ಳೋಕಾಗಲ್ಲ."

ನಿನಗೆ ಹೇಗಿದೆ ಎಂದು ಅವನು ಒಂದು ಮಾತು ಕೂಡ ಕೇಳಲಿಲ್ಲ. ಇವನೂ ಒಬ್ಬ ಮನುಷ್ಯನಾ ಎಂದುಕೊಳ್ಳುತ್ತ ನೋರೀನ್ ಹೊರಬಂದಳು.

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ರುಯಾ ಸೂಟ್‌ಕೇಸ್ ಹಿಡಿದು ನಿಂತಿದ್ದಳು. ಶಾಲೆಯ ಸಮವಸ್ತ್ರದಲ್ಲೇ ಮಗಳು ಕೌದಿಯ ಗಂಟನ್ನು ಅವುಚಿಕೊಂಡಿದ್ದಳು. ನೋರೀನ್ ಇಷ್ಟನ್ನು ಬಯಸಿರಲಿಲ್ಲ. ಹತ್ತಿರ ಹೋದಳು.

"ನೀವು ಹೇಳಲ್ಲ ಅಂತ ನಂಬಿದ್ದೆ, ಟೀಚರ್," ಎಂದಳು ರುಯಾ. ದನಿಯಲ್ಲಿ ಸಿಟ್ಟಿರಲಿಲ್ಲ.

"ಜೀವದ ಪ್ರಶ್ನೆ ಇದು. ಬಾಯಿ ಮುಚ್ಕೊಂಡು ಇರೋಕಾಗುತ್ತಾ?"

"ಜೀವದ ಪ್ರಶ್ನೆ ಅಂತಲೇ ನಾನು ಮುಚ್ಕೊಂಡಿದ್ದೆ."

ಮಗಳು ಅಮ್ಮನ ತೋಳು ಜಗ್ಗಿದಳು. ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಎಲ್ಲಿಗೆ ಎಂದು ನೋರೀನ್ ಕೇಳಲಿಲ್ಲ.

ಮುಂದಿನ ಸಲ ಜೊತೆಗೆ ಬಂದವನು ಕ್ವಾಂಗ್ ಎಂಬ ಹೊಸ ಮೇಷ್ಟ್ರು. ಕುರ್ಚಿಯಲ್ಲಿ ಕೂರುವಾಗ ನೋರೀನ್ ಎಲ್ಲಕ್ಕೂ ಸಿದ್ಧಳಾಗಿದ್ದಳು. ಏನನ್ನೂ ಮುಚ್ಚಿಡದೆ ಹೇಳಬೇಕೆಂದು ಕ್ವಾಂಗನಿಂದ ದಾರಿಯಲ್ಲೇ ಮಾತು ತೆಗೆದುಕೊಂಡಿದ್ದಳು. ಡಾಕ್ಟರ್ ಪೆಂಗ್ ಅವಳ ಹೊಟ್ಟೆ ಅದುಮಿ ನೋಡಿ, ತೆಗೆದಿದ್ದ ಚಿತ್ರಗಳನ್ನು ಬೆಳಕಿಗೆ ಹಿಡಿದು, ಎರಡೇ ಮಾತು ಹೇಳಿದರು.

"ಹುಣ್ಣು ಮಾಯ್ದಿದೆಯಂತೆ," ಎಂದ ಕ್ವಾಂಗ್. "ಮೊದಲಿಂದಲೂ ಬರೀ ಹುಣ್ಣೇ ಅಂತೆ. ಬೇರೇನೂ ಇಲ್ಲ."

ನೋರೀನಳಿಗೆ ಅಳು ಬಂತು, ನಗು ಬಂತು. ಕರವಸ್ತ್ರದಲ್ಲಿ ಮೂಗೊರೆಸಿಕೊಂಡಳು. "ಮತ್ತೆ ಅವತ್ತೆಲ್ಲ ಅಷ್ಟುದ್ದ ಹೇಳ್ತಿದ್ದದ್ದೇನು? ಕೇಳಿ ಅವರನ್ನ."

ಕ್ವಾಂಗ್ ಕೇಳಿದ. ಡಾಕ್ಟರ್ ಅವರಿಬ್ಬರನ್ನೂ ದಾಟಿ ಬಾಗಿಲ ಕಡೆ ನೋಡಿದರು. ಕನ್ನಡಕ ತೆಗೆದರು. ಈ ಸಲವೂ ತುಂಬ ಹೊತ್ತು ಮಾತಾಡಿದರು.

"ನಿಮ್ಮ ಜೊತೆ ಬರ್ತಿದ್ದ ಪೇಷಂಟ್ ಯಾಕೆ ಬಂದಿಲ್ಲ ಅಂತ ಕೇಳ್ತಿದಾರೆ, ಟೀಚರ್," ಎಂದ ಕ್ವಾಂಗ್. "ಇವತ್ತು ಆಕೆ ಆಪರೇಶನ್ನಿಗೆ ಸೇರ್ಕೋಬೇಕಿತ್ತಂತೆ."