ತಟ್ಟಿದರೆ ಏಳುವ ಮುಳ್ಳು

ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುವಾಗಲೆಲ್ಲ ನನಗೆ ಅಪ್ಪನ ಬೆರಳುಗಳ ವಾಸನೆ ಬರುತ್ತದೆ.

ಎಂಜಿನ್ ಇಲ್ಲದೆ ಹಾರುವ ಗ್ಲೈಡರುಗಳ ಮೀಟರುಗಳನ್ನು ಅಪ್ಪ ರಿಪೇರಿ ಮಾಡುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ, ಅವರ ಕೈಕೆಳಗೆ ಕೆಲಸ ಕಲಿತ ರಮೇಶಣ್ಣ ನಮ್ಮ ವಿಜಯನಗರದ ಮನೆಗೆ ಎತ್ತರ ತೋರಿಸುವ ಹೊಸ ಡಿಜಿಟಲ್ ಮೀಟರ್ ತಂದರು.

"ಹಳೇದು ತೆಗೆದುಬಿಡೋಣ ಸಾರ್."

"ಇಪ್ಪತ್ತು ವರ್ಷದಲ್ಲಿ ಒಂದು ಸಲಾನೂ ಸುಳ್ಳು ಹೇಳಿಲ್ಲ ಕಣೋ ಅದು," ಎಂದ ಅಪ್ಪ, ರಿಪೇರಿಗೆಂದು ಮನೆಗೆ ತಂದಿದ್ದ ಹಳೆಯ ಮೀಟರನ್ನು ನನ್ನ ಕೈಗಿಟ್ಟರು. ಕಪ್ಪು ಬಣ್ಣ ಸವೆದ, ತಣ್ಣಗಿನ, ಭಾರದ ಡಬ್ಬಿ. "ಪುಟ್ಟಿ, ತಾರಸಿಗೆ ಹೋಗಿ ಮುಳ್ಳು ಎಷ್ಟು ಏರುತ್ತೆ ನೋಡ್ಕೊಂಡು ಬಾ."

ಮೂರು ಮಹಡಿ ಹತ್ತಿದೆ. ಮುಳ್ಳು ಅಲ್ಲಾಡಲಿಲ್ಲ. ಅಪ್ಪ ಮಾಡುವಂತೆ ಉಗುರಿನಿಂದ ಗಾಜು ತಟ್ಟಿದೆ. ತಟಕ್ಕನೆ ಏರಿತು. ಕೆಳಗೆ ಓಡಿ ಬಂದೆ.

"ಮೂರು ಗೆರೆ ಏರ್ತು ಅಪ್ಪಾ!"

ಅಪ್ಪನ ಮುಖ ಅರಳಿತು. ಇನ್ನಷ್ಟು ಅರಳಲಿ ಎಂದು, "ನಿಮ್ಮ ಥರಾನೇ ಗಾಜು ತಟ್ಟಿದೆ," ಎಂದೆ.

ಅವರು ಹಳೆಯ ಮೀಟರನ್ನು ನನ್ನ ಕೈಯಿಂದ ತೆಗೆದುಕೊಂಡರು. "ಮೇಲೆ ಹಾರ್ತಿರೋನು ತಟ್ಟೋದು ಮರೆತರೆ? ಹೊಸಾದೇ ಹಾಕು ರಮೇಶ."

ಸಂಜೆ ಅಪ್ಪ ಹಳೆಯದನ್ನು ಹಿಡಿದು ಒಬ್ಬರೇ ತಾರಸಿಗೆ ಹೋದರು. ಮೇಲಿನ ಮೆಟ್ಟಿಲಲ್ಲಿ ಕೂತಿದ್ದ ನನಗೆ ಗಾಜು ತಟ್ಟುವ ಸದ್ದು ಕತ್ತಲಾಗುವವರೆಗೂ ಕೇಳುತ್ತಲೇ ಇತ್ತು.