ಹಸಿರು ಚುಕ್ಕೆ

"ಫೋನ್ ಇಲ್ಲಿಡು," ಎಂದ ಉದಯಕುಮಾರ್. "ಈಗಲೇ."

ಪ್ರತಿಮಾ ಫೋನನ್ನು ಮೇಜಿನ ಮೇಲಿಟ್ಟಳು. ಅವನು ಅದನ್ನು ಎತ್ತಿಕೊಂಡು 'ಒಗ್ಗಟ್ಟು' ಆಪ್‌ನಲ್ಲಿದ್ದ ಅವಳ ಖಾತೆಯನ್ನು ಮುಚ್ಚಿದ. ಅವನ ಫೋನಿನಲ್ಲಿ ಅವಳ ಹೆಸರಿನ ಪಕ್ಕ ಇದ್ದ ಹಸಿರು ಚುಕ್ಕೆ ಅದೇ ಕ್ಷಣ ಬೂದು ಬಣ್ಣಕ್ಕೆ ತಿರುಗಿತು. ಯಾರು ಕೆಲಸದಲ್ಲಿದ್ದಾರೆ, ಯಾರಿಲ್ಲ ಎಂದು ತೋರಿಸುವ ಆ ಚುಕ್ಕೆಯನ್ನು ಮಾಡಿದವಳೂ ಅವಳೇ. ಆರು ವರ್ಷದಲ್ಲಿ ಅದು ಒಂದು ದಿನವೂ ಸುಳ್ಳು ಹೇಳಿರಲಿಲ್ಲ.

ಒಗ್ಗಟ್ಟು ಹುಟ್ಟಿದ್ದು ಅರಸೀಕೆರೆಯ ಇದೇ ಮಹಡಿಯಲ್ಲಿ. ಕಚೇರಿಯ ಮಾತುಕತೆ, ಕಾಗದಪತ್ರ, ರಜೆ ಅರ್ಜಿ ಎಲ್ಲವೂ ಕನ್ನಡದಲ್ಲಿ, ಒಂದೇ ಕಡೆ. ವ್ಯಾಪಾರಸ್ಥರ ಮನೆಯಲ್ಲಿ ಹೊಸ ಪುಸ್ತಕದ ಮೊದಲ ಸಾಲು ದೇವರಿಗೆ ಮೀಸಲು. ಆಪ್‌ನ ಮೊದಲ ಖಾತೆಯೂ ಹಾಗೆಯೇ ಮನೆದೇವರು ವೀರಭದ್ರಸ್ವಾಮಿಯ ಹೆಸರಿಗಾಯಿತು. ಪಾಲುದಾರ ಚನ್ನೇಶ ಹೆಸರು, ಪಾಸ್‌ವರ್ಡ್ ಟೈಪ್ ಮಾಡಿದ, ಉದಯಕುಮಾರ್‌ನ ತಾಯಿ ಸುವರ್ಣಮ್ಮ ಆರತಿ ಎತ್ತಿದರು. ಅಂದಿನಿಂದ ಮೂಲೆಯ ಕಂಪ್ಯೂಟರಿನಲ್ಲಿ ಸ್ವಾಮಿಯ ಖಾತೆ ತೆರೆದೇ ಇತ್ತು. ಮುಂದೆ ಊದುಬತ್ತಿ, ಮೇಲೆ ಸೇವಂತಿಗೆ. ಯಾವ ಗುಂಪು ಮಾಡಿದರೂ ಮೊದಲು ಸ್ವಾಮಿ, ಆಮೇಲೆ ಮನುಷ್ಯರು.

ಸ್ವಾಮಿ ಕೈಬಿಡಲಿಲ್ಲ. ಲಾಕ್‌ಡೌನ್ ಬಂದಾಗ ಕೊಬ್ಬರಿ ಮಂಡಿಗಳಿಂದ ಹಿಡಿದು ಬೇಲೂರಿನ ಲಾಡ್ಜುಗಳವರೆಗೆ ನಾನೂರು ಕಡೆ ಒಗ್ಗಟ್ಟು ನಡೆಯಿತು. ಪೇಪರಿನಲ್ಲಿ ಉದಯಕುಮಾರ್‌ನ ಫೋಟೊ ಬಂತು. ಚನ್ನೇಶನ ಫೋಟೊ ಬರಲಿಲ್ಲ. ಜಗಳ ಶುರುವಾದದ್ದು ಅಲ್ಲಿಂದಲೇ. ಊರಿಗೆಲ್ಲ ಒಗ್ಗಟ್ಟು ಮಾರಿದವರು ತಾವೇ ಎರಡಾದರು ಎಂದು ಪೇಟೆ ಬೀದಿ ನಕ್ಕಿತು. ನಗಲಿ ಬಿಡಿ, ನಗುವಂಥದ್ದೇ.

ಚನ್ನೇಶ ಮೆಟ್ಟಿಲಿಳಿದ ಗಳಿಗೆಯಲ್ಲೇ ಉದಯಕುಮಾರ್ ಅವನ ಹೆಸರನ್ನು ಪ್ರತಿ ಗುಂಪಿನಿಂದಲೂ ಅಳಿಸಿದ. ಇಪ್ಪತ್ತೆರಡು ಜನ ನೌಕರರ ಪಾಸ್‌ವರ್ಡ್‌ಗಳನ್ನು ಎದುರಿಗೆ ಕೂತು ಬದಲಾಯಿಸಿದ. ಏನು ಪ್ರಯೋಜನ? ಇಲ್ಲಿ ಸೋಮವಾರ ಯೋಚಿಸಿದ್ದು, ಚನ್ನೇಶ ಬಾಣಾವರದಲ್ಲಿ ತೆರೆದ 'ಕೈಜೋಡಿ'ಯಲ್ಲಿ ಬುಧವಾರ ಬಂದುಬಿಡುತ್ತಿತ್ತು. ಗಿರಾಕಿಯ ಬಾಗಿಲಿಗೆ ಹೋದರೆ ಅವನ ಕಾರು ಆಗಲೇ ನಿಂತಿರುತ್ತಿತ್ತು. ನಾನೂರು ಇನ್ನೂರಾಯಿತು, ಇನ್ನೂರಿದ್ದದ್ದು ಮೂವತ್ತಾಯಿತು.

ಒಳಗೇ ಯಾರೋ ಇದ್ದಾರೆ. ಉದಯಕುಮಾರ್‌ನ ತಲೆಗೆ ಆ ಹುಳು ಹೊಕ್ಕಿತು. ರಾಜಶೇಖರ್‌ನನ್ನು ತೆಗೆದ, ಬಾಣಾವರದವನು ಎಂದು. ಪುಷ್ಪಲತಾಳನ್ನು ತೆಗೆದ, ಚನ್ನೇಶನ ಮದುವೆಗೆ ಹೋಗಿದ್ದಳು ಎಂದು. ಆಮೇಲೆ ಕಾರಣ ಹುಡುಕುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಉಳಿದವಳು ಪ್ರತಿಮಾ ಒಬ್ಬಳೇ, ದಿನಾ ಮಾದಿಹಳ್ಳಿಯಿಂದ ಎರಡು ಬಸ್ಸು ಹತ್ತಿ ಬರುವವಳು.

ಮೊನ್ನೆ ಅವನು ಬಲೆ ಬೀಸಿದ. ವಾಡಿಕೆಯಂತೆ ಹೊಸ ಗುಂಪು ಮಾಡಿ, ಪ್ರತಿಮಾಳನ್ನು ಸೇರಿಸಿ ಬರೆದ: "ಗುರುವಾರ ಹಳೇಬೀಡಿನ ಸಿದ್ದಬಸಪ್ಪನವರ ಹೋಟೆಲಿಗೆ ಹೋಗುತ್ತೇನೆ. ಮೂರು ತಿಂಗಳು ಬಿಟ್ಟಿ ಕೊಡೋಣ. ಯಾರಿಗೂ ಹೇಳಬೇಡ."

ಇವತ್ತು, ಬುಧವಾರ ಮಧ್ಯಾಹ್ನ, ಸಿದ್ದಬಸಪ್ಪನವರೇ ಫೋನ್ ಮಾಡಿದರು.

"ಚನ್ನೇಶ ಬಂದಿದ್ದ ಕಣಪ್ಪ ಉದಯಾ. ನಾಕು ತಿಂಗಳು ಬಿಟ್ಟಿ ಕೊಡ್ತಾನಂತೆ. ನಿಂದು ಮೂರೇ ಅಂತಲ್ಲ?"

ಇನ್ನೇನು ಸಾಕ್ಷಿ ಬೇಕು?

"ನಾನು ಬರೆದಿದ್ದು ನಿನಗೊಬ್ಬಳಿಗೆ," ಎಂದು ಉದಯಕುಮಾರ್ ಮೇಜು ಗುದ್ದಿದ. "ಬೇಲೀನೇ ಎದ್ದು ಹೊಲ ಮೇಯ್ತು ಅಂತಾರಲ್ಲ, ಹಂಗಾಯ್ತು!"

"ಸಂಬಳ ಕೊಡೋಕಾಗಲ್ಲ ಅನ್ನಿ ಸರ್, ಹೋಗ್ತೀನಿ. ಕಳ್ಳಿ ಅಂತ ಕಳಿಸ್ಬೇಡಿ. ನಾಳೆ ಯಾರು ನನಗೆ ಕೆಲಸ ಕೊಡ್ತಾರೆ? ಊರಲ್ಲಿ ಹೆಂಗೆ ತಲೆ ಎತ್ತಲಿ?"

"ಆ ಗುಂಪಲ್ಲಿ ಇನ್ಯಾರಿದ್ರು? ನಾನೇ ಹೋಗಿ ಚನ್ನೇಶಂಗೆ ಹೇಳ್ದ್ನಾ?"

ಪ್ರತಿಮಾ ಮೂಲೆಯ ಕಡೆ ಕೈ ಮಾಡಿದಳು. "ಸ್ವಾಮಿ ಮುಂದೆ ಆಣೆ ಮಾಡ್ತೀನಿ."

"ಸ್ವಾಮಿ ಹೆಸರು ಎತ್ತಬೇಡ. ಎಲ್ಲಾನೂ ನೋಡ್ತಾ ಕೂತವ್ನೆ."

"ನೋಡ್ತಿದ್ರೆ ಸಾಕಾ ಸರ್? ಒಂದಿನ ಬಾಯಿಬಿಟ್ಟು ಹೇಳ್ಲಿ."

ಅವಳು ಊಟದ ಡಬ್ಬಿ ಎತ್ತಿಕೊಂಡಳು, ಫೋನ್ ತೆಗೆದುಕೊಂಡಳು. ಬಾಗಿಲಲ್ಲಿ ತಿರುಗಿಯೂ ನೋಡಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಉದಯಕುಮಾರ್‌ಗೆ ಆಗ ಅದೆಲ್ಲ ನೆನಪಾಗಲಿಲ್ಲ. ಅವನಿಗೆ ಗೆದ್ದ ಖುಷಿ. ನಾಚಿಕೆಗೆಟ್ಟ ಖುಷಿ. ಓದುವವರು ಯಾರೂ ಉಳಿದಿರದಿದ್ದರೂ ಅಭ್ಯಾಸಬಲದಿಂದ ಗುಂಪಿನಲ್ಲಿ ಬರೆದ: "ಪ್ರತಿಮಾಳನ್ನು ತೆಗೆದಿದ್ದೇನೆ. ಇನ್ನು ಒಳಗೆ ಕಳ್ಳರಿಲ್ಲ."

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಮೂಲೆಯ ಯುಪಿಎಸ್ ಕುಯ್ ಕುಯ್ ಎಂದು ಅರಚತೊಡಗಿತು. ಇಪ್ಪತ್ತೆರಡು ಖಾಲಿ ಕುರ್ಚಿಗಳ ನಡುವೆ ಆ ಸದ್ದು ಸಹಿಸಲಾಗಲಿಲ್ಲ. ಅವನು ಎದ್ದುಹೋಗಿ, "ತಪ್ಪಾಯ್ತು ಸ್ವಾಮಿ," ಎಂದು ಕೆನ್ನೆಗೆ ಬಡಿದುಕೊಂಡು, ಆರು ವರ್ಷದಲ್ಲಿ ಮೊದಲ ಸಲ ಯುಪಿಎಸ್ ಆರಿಸಿ ಆ ಕಂಪ್ಯೂಟರಿನ ವೈರು ಕಿತ್ತ. ಪರದೆ ಕಪ್ಪಾಯಿತು. ಸೇವಂತಿಗೆ ಜಾರಿ ನೆಲಕ್ಕೆ ಬಿತ್ತು.

ಹೂವು ಎತ್ತಿಕೊಳ್ಳಲು ಬಗ್ಗಿದವನು ಕೈಯಲ್ಲಿದ್ದ ಫೋನ್ ನೋಡಿದ. ಪ್ರತಿಮಾಳ ಚುಕ್ಕೆ ಬೂದು. ವೀರಭದ್ರಸ್ವಾಮಿಯ ಚುಕ್ಕೆ ಇನ್ನೂ ಹಸಿರು.

ಅದರ ಕೆಳಗೆ ಮೂಡಿತು: 'ಬರೆಯುತ್ತಿದ್ದಾರೆ…'

"ಪಾಪ, ಅವಳು ಏನೂ ಹೇಳಿಲ್ಲ ಕಣೋ ಉದಯ," ಎಂದು ಬರೆದ ವೀರಭದ್ರಸ್ವಾಮಿ. "ಬಾಣಾವರಕ್ಕೆ ಕಳಿಸು, ಕೈಜೋಡಿಯಲ್ಲಿ ಒಂದು ಕುರ್ಚಿ ಖಾಲಿ ಐತೆ."